ನಾಲಗೆಗೆ ತಾಕದ ಪ್ರಸಾದ

ಕೋವಿಡ್ ಅಲೆಗಳು ತಗ್ಗಿದ ಮರುವರ್ಷ. ಬಾಗಲಕೋಟೆಯ ಆಸ್ಪತ್ರೆಯೊಂದರಲ್ಲಿ ಪ್ಯಾಲಿಯೇಟಿವ್ ಕೇರ್ ವಾರ್ಡಿನ ಹೊಣೆ ನನ್ನದಾಗಿತ್ತು. ಕಾಯಿಲೆ ಗುಣವಾಗದು ಎಂದು ಖಚಿತವಾದವರಿಗೆ ನೋವನ್ನಾದರೂ ಕಡಿಮೆ ಮಾಡುವ ಚಿಕಿತ್ಸೆ ಅದು. ಅಲ್ಲಿಂದ ಮನೆಗೆ ನಡೆದು ಹೋದವರು ವಿರಳ.

ಆ ಬೇಸಿಗೆಯಲ್ಲಿ ಹುನಗುಂದದ ಸಂಗಪ್ಪ ದಾಖಲಾದರು. ಪಂಪ್‌ಸೆಟ್ ರಿಪೇರಿ ಅವರ ಕಸಬು. ಅನ್ನನಾಳದ ಕ್ಯಾನ್ಸರಿನಿಂದ ಉಗುಳು ನುಂಗುವುದೂ ಕಷ್ಟವಾಗಿತ್ತು. ರೈಲ್ಸ್ ಟ್ಯೂಬ್, ಅಂದರೆ ಮೂಗಿನಿಂದ ಜಠರಕ್ಕೆ ಇಳಿಸುವ ತೆಳು ನಳಿಕೆಯನ್ನು, ಔಷಧಿಗಾಗಿ ಹಾಕಿಸಿಕೊಂಡರು. ಗಂಜಿ ಎಂದೊಡನೆ ಕೈ ಅಡ್ಡ ಹಿಡಿದರು.

ಅಂಗೈಯ ಇಷ್ಟಲಿಂಗಕ್ಕೆ ಅರ್ಪಿಸದೆ ಅವರು ತುತ್ತೆತ್ತಿದವರಲ್ಲ. ಅರ್ಪಿಸಿದ ಮೇಲೆ ಅದು ಅನ್ನವಲ್ಲ, ಪ್ರಸಾದ. ಶಿವನ ಕೃಪೆಯೇ ತುತ್ತಾಗಿ ಬಂದದ್ದು.

“ಜಲಮಪೂರ್ತಿ ಪೈಪಿನ್ಯಾಗ ನೀರ ಬಿಟ್ಟಾಂವ್ರಿ ನಾ,” ಎಂದರು ಪಿಸುದನಿಯಲ್ಲಿ. “ಪೈಪಿಗೆ ರುಚಿ ಗೊತ್ತಾಗಂಗಿಲ್ಲ. ನಾಲಗಿಗೆ ತಾಕದ್ದು ಪ್ರಸಾದ ಹೆಂಗ ಆದೀತ್ರಿ, ಸಾಹೇಬ್ರ?”

ಕಾಲೇಜಿನ ಚರ್ಚಾಕೂಟಗಳಲ್ಲಿ ಪಳಗಿದ ನನಗೆ ಉತ್ತರ ಸಿದ್ಧವಿತ್ತು. ಕೃಪೆ ನಾಲಗೆಯಿಂದ ಮಾತ್ರ ಸಿಗುವುದಾದರೆ, ಪ್ರಜ್ಞೆ ತಪ್ಪಿದವರಿಗೆ ಅದು ಇಲ್ಲವೇ ಎಂದು ಕೇಳಿದೆ.

“ಅವರಿಗೆ ಐತ್ರಿ. ನನಗಿನ್ನೂ ಖಬರ್ ಐತಲ್ರಿ.”

ಮರುದಿನ ಅವರ ಪತ್ನಿ ಗೌರವ್ವ ಮಂಚದ ಬಳಿ ಕುಸಿದರು. ಅದೇ ವಾರ್ಡಿನಲ್ಲಿದ್ದ ತಮ್ಮ ಅತ್ತೆಯ ಆರೈಕೆಗೆಂದು ಇಳಕಲ್ಲಿನಿಂದ ಬಂದಿದ್ದ ಹಸೀನಾ, ಗೌರವ್ವನನ್ನು ಎತ್ತಿ ಕೂರಿಸಿದರು.

“ಈಯಕ್ಕ ಬಂದಾಗಿಂದ ಚಾ ಬಿಟ್ಟು ಏನೂ ಮುಟ್ಟಿಲ್ರಿ, ಡಾಕ್ಟರ್ರ. ರೊಟ್ಟಿ ಕೊಟ್ರ, ಅವ್ರು ಉಂಡಿಲ್ಲ ಅಂತಾಳ.”

ಗಂಡ ಪ್ರಸಾದ ಸ್ವೀಕರಿಸಿದ ಮೇಲೆ ಉಳಿದದ್ದನ್ನು ಉಣ್ಣುವುದು ಗೌರವ್ವನ ನೇಮ. ಇಂಥ ನೇಮಗಳನ್ನು ನಾನು ಎಷ್ಟೋ ವೇದಿಕೆಗಳಲ್ಲಿ ಖಂಡಿಸಿದ್ದೆ; ಈಗಲೂ ಖಂಡಿಸುತ್ತೇನೆ. ಆದರೆ ಸಂಗಪ್ಪ ಹಸೀನಾರ ಮಾತು ಕೇಳಿಸಿಕೊಂಡು ಹೆಂಡತಿಯತ್ತ ತಿರುಗಿದರು. ಅನಂತರ ಎಡ ಅಂಗೈಯಲ್ಲಿ ಲಿಂಗವನ್ನಿಟ್ಟುಕೊಂಡು, “ಹಾಕ್ರಿ,” ಎಂದರು. ಗೌರವ್ವ ಗಂಜಿಯನ್ನು ಲಿಂಗಕ್ಕೆ ತೋರಿಸಿ ನಳಿಕೆಗೆ ಬಿಟ್ಟರು. ಬಟ್ಟಲಲ್ಲಿ ಉಳಿದದ್ದನ್ನು ತಾವು ಕುಡಿದರು.

ಹಾಗೆ ಕೆಲವು ದಿನಗಳು ಸಾಗಿದವು. ಬಳಿಕ ಗಂಜಿ ವಾಂತಿಯಾಗತೊಡಗಿತು, ರಕ್ತವೂ ಬೆರೆತು. ಸಾವು ಸಮೀಪಿಸಿದ ದೇಹ ಆಹಾರವನ್ನು ಅರಗಿಸಿಕೊಳ್ಳದು. ಬಲವಂತವಾಗಿ ಹಾಕಿದರೆ ಅದು ಶ್ವಾಸಕೋಶಕ್ಕೆ ಹೋಗಿ ಉಸಿರು ಕಟ್ಟಬಹುದು. ಗಂಜಿ ನಿಲ್ಲಿಸಲೇಬೇಕಿತ್ತು. ನಿಲ್ಲಿಸಿದರೆ ಗೌರವ್ವನೂ ಉಪವಾಸ. ಇದನ್ನು ನಾನು ಇಬ್ಬರ ಎದುರಿಗೇ ಹೇಳಿದೆ.

ಸಂಗಪ್ಪ ಹೆಂಡತಿಯನ್ನು ಹತ್ತಿರ ಕರೆದರು. “ಇನ್ನ ಮ್ಯಾಲ ನೀ ಮೊದಲ ಉಣ್ಣು. ನೀ ಉಂಡದ್ದ ನನಗ ಪ್ರಸಾದ.”

“ಹಂಗ ಹೆಂಗ ಆಗ್ತೈತ್ರಿ?”

“ನನ್ನ ನಾಲಗಿ ಹೋತು. ನಿಂದು ಐತಲ್ಲ.”

ಹಸೀನಾ ತಮ್ಮ ಬುತ್ತಿಯಿಂದ ರೊಟ್ಟಿ ಮುರಿದು ಕೊಟ್ಟರು. ಗೌರವ್ವ ಅದನ್ನು ಗಂಡನ ಅಂಗೈಯ ಲಿಂಗಕ್ಕೆ ತೋರಿಸಿ ಬಾಯಿಗಿಟ್ಟುಕೊಂಡರು. ತುತ್ತು ಬೇಗ ಇಳಿಯಲಿಲ್ಲ. ಅದು ಇಳಿಯುವವರೆಗೂ ಸಂಗಪ್ಪ ಆಕೆಯ ಗಂಟಲನ್ನೇ ನೋಡುತ್ತಿದ್ದರು. ಮರುದಿನ ಬೆಳಿಗ್ಗೆ ತೀರಿಕೊಂಡರು. ಕೊನೆಯ ಗಂಟೆಗಳಲ್ಲಿ ಮಾರ್ಫಿನ್ ಕೂಡ ಅವರ ನೋವನ್ನು ಪೂರ್ತಿ ತಗ್ಗಿಸಲಿಲ್ಲ. ಅದನ್ನು ನಾನು ಮರೆಮಾಚಲಾರೆ.

ಕೃಪೆ ಅವರ ರೋಗವನ್ನು ತಡೆಯಲಿಲ್ಲ, ಸಂಕಟವನ್ನೂ ಕಳೆಯಲಿಲ್ಲ. ಅದು ಅಂದು ಮಾಡಿದ್ದು ಇಷ್ಟೇ: ಸಾಯುತ್ತಿದ್ದವರಿಂದ ಬದುಕಬೇಕಾದವರಿಗೆ ಅನ್ನದ ಅಪ್ಪಣೆ ಕೊಡಿಸಿತು. ಆ ಬಳಿಕ ನನ್ನ ವಾರ್ಡಿನಲ್ಲಿ ಊಟ ನಿರಾಕರಿಸಿದವರೊಡನೆ ನಾನು ವಾದಕ್ಕಿಳಿದಿಲ್ಲ. ಅವರನ್ನು ಮೊದಲು ಕೇಳುವುದು ಒಂದೇ ಪ್ರಶ್ನೆ:

“ನೀವು ಉಣ್ಣಲಿಲ್ಲಾಂದ್ರ, ಇನ್ನ್ಯಾರು ಉಣ್ಣಂಗಿಲ್ರಿ?”