ಬೀಗ ಹಾಕಿದ ಲ್ಯಾಬಿನಲ್ಲಿ ತೆರೆದಿದ್ದ ಬ್ರೌಸರ್

ಗೆಳೆಯರೇ, ನಿಮಗೆ ಯಾರಿಗಾದರೂ ಹೀಗಾಗಿದ್ದರೆ ಹೇಳಿ. ಇಂದು ಸಂಜೆ ಐದರೊಳಗೆ ವಿದ್ಯಾರ್ಥಿಗಳ ಅಂಕ ಆನ್‌ಲೈನಿನಲ್ಲಿ ತುಂಬಿ ಕಳಿಸಬೇಕಿತ್ತು. ಗಾಜಿಪುರದ ಮನೆಯಲ್ಲಿ ನನ್ನ ಲ್ಯಾಪ್‌ಟಾಪಿನ ಬ್ರೌಸರ್ ಅಪ್‌ಡೇಟ್ ಆದ ಮೇಲೆ ತೆರೆಯಲೇ ಇಲ್ಲ. ಅಳಿಸಿ ಮತ್ತೆ ಹಾಕಿದರೂ ಒಂದೇ ಸಂದೇಶ: ‘ನಿಮ್ಮ ಖಾತೆ ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದಿದೆ. ಮೊದಲು ಅದನ್ನು ಮುಚ್ಚಿ.’ ಕೆಳಗೆ ಕಮಲಾಪುರದ ನಮ್ಮ ಕಾಲೇಜು ಲ್ಯಾಬಿನ ಏಳನೇ ಕಂಪ್ಯೂಟರಿನ ಹೆಸರಿತ್ತು. ಇಂದು ಕಾಲೇಜಿಗೆ ರಜೆ.

ಅಟೆಂಡರ್ ರಜಾಕ್ ಚಾಚಾಗೆ ಫೋನ್ ಮಾಡಿದೆ. ಅವರು ಬೀಗ ತೆಗೆದು ಒಳಗೆ ಹೋದರು.

“ಮೇಡಂ, ಯಾರೂ ಇಲ್ರಿ. ಆದ್ರ ಏಳನೇದು ಚಾಲೂ ಅದ.”

“ನಿನ್ನೆ ಬಂದ್ ಮಾಡಿರಲಿಲ್ಲೇನು ಚಾಚಾ?”

“ಖುದ್ದ ನಾನೇ ಮಾಡೀನ್ರಿ. ಕೀಲಿನೂ ನನ್ನ ಕಿಸೇದಾಗೇ ಇತ್ತು. ನಿಮ್ಮ ಅಂಕದ ಪಟ್ಟಿ ತೆರದದ, ಅಂಬಿಕಾ ಅನ್ನೋ ಹೆಸರಿನ ಮುಂದ ಗೆರಿ ಮಿಣಕ್ ಮಿಣಕ್ ಅನ್ನಾಕತ್ತದ. ಲಗೂನ ಹೇಳ್ರಿ, ನನಗಿಲ್ಲಿ ನಿಂದ್ರಾಕ ಆಗವಲ್ದು.”

ಅಂಬಿಕಾ ಮಹಾಗಾಂವದ ಹುಡುಗಿ. ನಿನ್ನೆಯಷ್ಟೇ, ಎರಡು ಅಂಕ ಕಡಿಮೆ ಬಂದದ್ದಕ್ಕೆ ಅವಳನ್ನು ಫೇಲ್ ಮಾಡಿದ್ದೆ.

“ಬಂದ್ ಮಾಡ್ರಿ” ಎಂದೆ. ಅಲ್ಲಿ ಅದು ಆರುತ್ತಲೇ ಇಲ್ಲಿ ಬ್ರೌಸರ್ ತೆರೆಯಿತು. ಗೆರೆ ಅದೇ ಹೆಸರಿನ ಮುಂದೆ ಮಿನುಗುತ್ತಿತ್ತು.

ಅವಳ ಉತ್ತರ ಪತ್ರಿಕೆಯನ್ನು ಮತ್ತೆ ತೆಗೆದು ನೋಡಿದೆ. ಕೊನೆಯ ಪುಟದ ನಾಲ್ಕು ಅಂಕಗಳನ್ನು ನಾನು ಕೂಡಿಸಿಯೇ ಇರಲಿಲ್ಲ. ನಾನು ಅವಸರದವಳಲ್ಲ ಎಂದೇ ಇಷ್ಟು ವರ್ಷ ನಂಬಿದ್ದೆ.

ಚಾಚಾ ಮತ್ತೆ ಫೋನ್ ಮಾಡಿದರು. “ರಿಪೇರಿಯವನಿಗೆ ತೋರಸ್ಲ್ಯಾ ಮೇಡಂ, ಇಲ್ಲಾ ತಾಯತ ಕಟ್ಲ್ಯಾ?”

ಎರಡೂ ಬೇಡ ಎಂದೆ. ಉಳಿದ ಪತ್ರಿಕೆಗಳನ್ನೂ ಮತ್ತೆ ಕೂಡಿಸಿ, ಐದಕ್ಕೆ ಐದು ನಿಮಿಷವಿರುವಾಗ ಕಳಿಸಿದೆ. ಆ ಏಳನೇ ಕಂಪ್ಯೂಟರ್ ಇನ್ನೊಮ್ಮೆ ಚಾಲೂ ಆದರೆ ಯಾರ ಹೆಸರಿನ ಮುಂದೆ ನಿಲ್ಲುತ್ತದೋ, ಯಾರಿಗೆ ಗೊತ್ತು.