ತೊಟ್ಟಿಯೊಳಗಿನ ಮಾತಿಗೆ ಕಾವಲು

"ಮಾತಾಡಯ್ಯಾ! ಬಾಯಿಗೆ ಬೀಗ ಹಾಕ್ಕೊಂಡು ಇಳಿದಿದೀಯಾ?"

ಬೆಳಗಿನ ಆರೂವರೆ. ಬ್ರಿಯೋನೆಸ್ ಊರಿನ ಹಳೆಯ ವೈನ್ ಮನೆಯಲ್ಲಿ ಏಳನೇ ತೊಟ್ಟಿಯ ಬಾಯಿಗೆ ಬಗ್ಗಿ ಬೆನಿಲ್ಡೆ ಕೂಗುತ್ತಿದ್ದಾರೆ. ವಯಸ್ಸು ಅರವತ್ತೇಳು. ಅವರ ತಲೆಯ ಮೇಲಿನ ರಾಟೆಯಿಂದ ಇಳಿದ ಹಗ್ಗದ ಒಂದು ತುದಿ ಹಿಂದೆ ನಿಂತ ಇಬ್ಬರು ಗಂಡಸರ ಕೈಯಲ್ಲಿದೆ. ಇನ್ನೊಂದು ತುದಿ ನಾಲ್ಕು ಮೀಟರ್ ಆಳದಲ್ಲಿ ಎಲಾಡಿಯೊನ ಎದೆಗೆ ಬಿಗಿದಿದೆ. ರಸವನ್ನು ನಿನ್ನೆಯೇ ಬಸಿದಾಗಿದೆ. ಉಳಿದ ದ್ರಾಕ್ಷಿ ಸಿಪ್ಪೆಯನ್ನು ಅವನು ಸಲಿಕೆಯಿಂದ ಎತ್ತಿ ತಳದ ಕಿಂಡಿಗೆ ತಳ್ಳಬೇಕು.

"ಏನ್ ಮಾತಾಡ್ಲಿ ಅಕ್ಕಾ? ನಾನು ಹೆಂಡ್ತಿ ಹತ್ರಾನೇ ಮಾತಾಡಲ್ಲ."

"ಅದಕ್ಕೇ ಅವಳು ಸುಖವಾಗಿದಾಳೆ. ನಿಮ್ಮಮ್ಮ ಏನೇನ್ ಅಡುಗೆ ಮಾಡ್ತಾರೆ? ಒಂದೊಂದಾಗಿ ಹೇಳು."

ನಲವತ್ತೊಂದರ ಎಲಾಡಿಯೊ ತೊಟ್ಟಿಗೆ ಇಳಿದಿರುವುದು ಇದೇ ಮೊದಲು.

ರಸ ಹುದುಗೇಳುವಾಗ ಹುಟ್ಟುವ ಗಾಳಿ ಕಣ್ಣಿಗೆ ಕಾಣುವುದಿಲ್ಲ; ಅದು ತಲೆಗೇರಿದರೆ ಮೊದಲು ಮಾತು ತಡವರಿಸುತ್ತದೆ, ಆಮೇಲೆ ಉಸಿರು ನಿಲ್ಲುತ್ತದೆ. ಫ್ಯಾನ್ ಹಾಕಿ ಓಡಿಸಿದರೂ ಸಿಪ್ಪೆಯೊಳಗೆ ಅವಿತಿದ್ದು, ಸಲಿಕೆ ಬಿದ್ದೊಡನೆ ಏಳುತ್ತದೆ. ಹಿಂದೆಲ್ಲ ಮೇಣದ ಬತ್ತಿ ಇಳಿಸಿ ನೋಡುತ್ತಿದ್ದರು; ಆರಿದರೆ ಯಾರೂ ಇಳಿಯುತ್ತಿರಲಿಲ್ಲ. 1994ರ ಅಕ್ಟೋಬರಿನಲ್ಲಿ ಬತ್ತಿ ಉರಿಯುತ್ತಲೇ ಇತ್ತು. ಬೆನಿಲ್ಡೆಯವರ ತಮ್ಮ ಸರ್ವಾಂದೊ ಇದೇ ಏಳನೇ ತೊಟ್ಟಿಯಲ್ಲಿ ಸತ್ತ. ಹತ್ತು ಹೆಜ್ಜೆ ಆಚೆ ಅಕ್ಕ ಬಾಟಲಿ ತೊಳೆಯುತ್ತಿದ್ದರು.

"ಅವನು ಮೊದಲಿಂದ್ಲೂ ಮಾತು ಕಮ್ಮಿ. ಸದ್ದಿಲ್ಲ ಅಂದ್ರೆ ಕೆಲಸ ಮಾಡ್ತಿದಾನೆ ಅಂದ್ಕೊಂಡೆ. ಊಟಕ್ಕೆ ಕರೆಯೋಕೆ ಹೋದೆ..." ಅಷ್ಟು ಹೇಳಿ ಬೆನಿಲ್ಡೆ ಹಗ್ಗದ ಗಂಟನ್ನು ಮುಟ್ಟಿ ನೋಡುತ್ತಾರೆ.

ಮರುವರ್ಷದ ಸುಗ್ಗಿಗೆ ತಾವೇ ಹಗ್ಗ ತಂದು ತೊಟ್ಟಿಯ ಬಾಯಲ್ಲಿ ಕುಳಿತರು. ಒಳಗಿಳಿದವರು ಮಾತಾಡುತ್ತಲೇ ಇರಬೇಕು, ತಾವು ಕೇಳುತ್ತಲೇ ಇರಬೇಕು. ಅದೊಂದೇ ಅವರ ಕಟ್ಟಳೆ. ಸುಗ್ಗಿಗೆ ಇಪ್ಪತ್ತೆರಡು ಸಲ, ಪ್ರತಿ ಸಲ ಒಂದೂವರೆ ಗಂಟೆ, ಮೂವತ್ತು ಸುಗ್ಗಿ. ಈ ಕೆಲಸಕ್ಕೆ ಹೆಸರಿಲ್ಲ. ಕಾಗದದಲ್ಲಿ ಅವರು ಇವತ್ತಿಗೂ ಬಾಟಲಿ ತೊಳೆಯುವವರೇ.

"ಊರ ಪಾದ್ರಿಗಿಂತ ಜಾಸ್ತಿ ಗುಟ್ಟು ಅಕ್ಕನ ಕಿವೀಲಿದೆ," ಎಂದು ಹಗ್ಗ ಹಿಡಿದವನೊಬ್ಬ ನಗುತ್ತಾನೆ.

"ನಿಂದೂ ಇದೆ. ಹೇಳ್ಲಾ?"

ಅವನು ಹಗ್ಗ ಬಿಗಿ ಹಿಡಿದು ರಾಟೆಯತ್ತ ನೋಡುತ್ತಾನೆ.

ಸರ್ವಾಂದೊ ಸಾಯುವ ಮುನ್ನಾದಿನ ಆ ತೊಟ್ಟಿಯಿಂದ ಬಸಿದ ರಸ ಪೀಪಾಯಿಯಲ್ಲಿ ಮೂರು ವರ್ಷ, ಬಾಟಲಿಯಲ್ಲಿ ಅದಕ್ಕಿಂತ ಹೆಚ್ಚು ಕಾಲ ಮಾಗಿ ಯಜಮಾನರ ಮನೆತನದ ಹೆಮ್ಮೆಯಾಗಿದೆ. ಬಾಟಲಿಯ ಮೇಲೆ ಐದು ತಲೆಮಾರಿನ ಹಿಂದಿನ ಯಜಮಾನರ ಸಹಿ ಇದೆ, ಕೆಳಗೆ ಇಸವಿ, 1994. ವೈನ್ ಸವಿಯಲು ಬಂದವರು ಲೋಟವನ್ನು ಬೆಳಕಿಗೆ ಹಿಡಿದು "ಎಂಥ ಒಳ್ಳೆ ವರ್ಷ!" ಎನ್ನುತ್ತಾರೆ. ಬೆನಿಲ್ಡೆ ಅದರ ಒಂದು ಹನಿಯನ್ನೂ ನಾಲಗೆಗೆ ಮುಟ್ಟಿಸಿಲ್ಲ.

ಕೆಳಗಿನಿಂದ ಎಲಾಡಿಯೊನ ದನಿ ಬರುತ್ತಿದೆ. "ಸಾಸೇಜು ಹಾಕಿ ಆಲೂಗಡ್ಡೆ... ಕೆಂಪು ಬೀನ್ಸ್ ಕಾಳು... ದ್ರಾಕ್ಷಿ ಬಳ್ಳಿ ಕಡ್ಡಿ ಕೆಂಡದಲ್ಲಿ ಸುಟ್ಟ ಕುರಿಮರಿ ಪಕ್ಕೆ... ಆಲೂಗಡ್ಡೆ..."

"ಅದನ್ನ ಆಗ್ಲೇ ಹೇಳ್ದೆಯಲ್ಲ."

"ಆಲೂಗಡ್ಡೆ..."

"ಎಳೀರಿ!"

ಹಗ್ಗ ಕಿರುಗುಟ್ಟುತ್ತದೆ. ಅವನ ಸೊಂಟದಲ್ಲಿದ್ದ ಗಾಳಿ ಅಳೆಯುವ ಯಂತ್ರ ಕೂಗಿಕೊಳ್ಳುವುದು ಅವನು ಅರ್ಧ ಮೇಲೆ ಬಂದ ಮೇಲೆ. ಬೂದಿ ಬಣ್ಣಕ್ಕೆ ತಿರುಗಿದ ಮುಖ. ನೆಲದ ಮೇಲೆ ಮಲಗಿಸಿದಾಗ ವಾಂತಿ ಮಾಡಿಕೊಂಡು, ಕೊನೆಗೆ ಕಣ್ಣು ಬಿಡುತ್ತಾನೆ.

"ಯಾಕಕ್ಕಾ ಎಳೆದ್ರಿ? ಇನ್ನೂ ಹೇಳೋದಿತ್ತು."

"ಮಿಕ್ಕಿದ್ದು ನಿಮ್ಮಮ್ಮನ್ನೇ ಕೇಳ್ಕೋತೀನಿ, ಮಲಕ್ಕೋ." ಬೆನಿಲ್ಡೆ ಏಪ್ರನ್ನಿನ ತುದಿಯಿಂದ ಅವನ ಬಾಯಿ ಒರೆಸುತ್ತಾರೆ.

ವೈದ್ಯರು ಬಂದು ಅವನನ್ನು ಕರೆದುಕೊಂಡು ಹೋದ ಮೇಲೆ ಯಜಮಾನ ದೋನ್ ಗಾಸ್ಪರ್ ಮೆಟ್ಟಿಲಿಳಿದು ಬರುತ್ತಾರೆ. ಏನು ಹೇಳಬೇಕೋ ತೋಚದೆ, ಈ ಸಲ ಹಣ್ಣು ಚೆನ್ನಾಗಿದೆ, ಎಲ್ಲರೂ ನೆನಪಿಟ್ಟುಕೊಳ್ಳುವ ವರ್ಷ ಆಗಬಹುದು ಎನ್ನುತ್ತಾರೆ.

ಬೆನಿಲ್ಡೆ ಹಗ್ಗ ಸುತ್ತುತ್ತ ತಲೆ ಎತ್ತುವುದಿಲ್ಲ.

"ಬೇಡ ಯಜಮಾನ್ರೆ. ಯಾರಿಗೂ ನೆನಪೇ ಉಳೀದಿರೋ ವರ್ಷ ಆಗ್ಲಿ."