ಖಾನಾವಳಿಯ ಮುಂದಿನ ಬಾಗಿಲು

ಸುರಪುರದ ಒಂದು ಜಾಗ ನೋಡಿ, ಅದು ಹೇಗಿದೆ ಎಂದು ಬಣ್ಣಿಸಿ ಬರೆದುಕೊಂಡು ಬರಲು ಮೊಮ್ಮಗಳಿಗೆ ಶಾಲೆಯಲ್ಲಿ ಹೇಳಿದ್ದರು. ಅವಳು ಆರಿಸಿದ್ದು ನಾನು ಹದಿನೆಂಟು ವರ್ಷ ರೊಟ್ಟಿ ಬಡಿದ ಖಾನಾವಳಿಯನ್ನು! ಮೂರನೇ ತರಗತಿಗೇ ಶಾಲೆ ಬಿಟ್ಟ ನನ್ನನ್ನು ಕೇಳಿ ಬರೆಯುತ್ತಾಳಂತೆ. ಖುಷಿಗೆ ಓಣಿಯವರಿಗೆಲ್ಲ ಹೇಳಿ ಬಂದೆ.

ಏನೇನು ಬರೆಯಬೇಕೆಂದು ಅವಳು ಮೊದಲೇ ಹಾಳೆಯಲ್ಲಿ ಗುರುತು ಹಾಕಿಕೊಂಡಳು: ಹೊರಗಿನ ನೋಟ, ಕೂಡುವ ಜಾಗ, ಊಟ.

“ಆಯಿ, ಗ್ವಾಡಿ ಯಾವ ಬಣ್ಣ ಅದ?”

ನನಗೆ ಗೊತ್ತಿರಲಿಲ್ಲ. ನಾನೂ ನನ್ನ ಜೊತೆ ರೊಟ್ಟಿ ಬಡಿಯುತ್ತಿದ್ದ ಬೋನಾಳದಕ್ಕನೂ ಹಿತ್ತಲ ಬಾಗಿಲಿನಿಂದ ಹೋಗಿ ಅದರಿಂದಲೇ ಬರುತ್ತಿದ್ದವರು. ಆಕೆ ಬೋನಾಳದಿಂದ ಬಂದವಳು, ನನಗಿಂತ ಹಿರಿಯಳು. ನಮ್ಮಿಬ್ಬರ ಒಲೆ ಎದುರುಬದುರು. ಹೊಗೆಯಲ್ಲಿ ಮುಖ ಕಾಣದಿದ್ದರೂ ನನ್ನ ಕೈಸಪ್ಪಳ ಕೇಳಿಯೇ, “ಯಾಕ, ಮೈಯಾಗ ಆರಾಮಿಲ್ಲೇನು?” ಅನ್ನುತ್ತಿದ್ದಳು. ಆಕೆಗೆ ಒಂದೇ ಆಸೆ. “ಒಂದಿನ ಮುಂದಿನ ಬಾಗಲದಿಂದ ಬಂದು ಕುರ್ಚಿ ಮ್ಯಾಲ ಕುಂದ್ರಬೇಕು. ನೀ ಬಡಿ, ನಾ ಉಣ್ತೀನಿ. ಸುಟ್ಟಿತ್ತಂದ್ರ ವಾಪಸ್ ಕಳಸ್ತೀನಿ ನೋಡು!”

ಹೋದ ಶ್ರಾವಣಕ್ಕೆ ಮುಂಚೆ ಆಕೆ ತೀರಿಕೊಂಡಳು. ಆ ಕುರ್ಚಿಯ ಮೇಲೆ ಒಂದು ದಿನವೂ ಕೂಡಲಿಲ್ಲ.

ಭಾನುವಾರ ಮೊಮ್ಮಗಳು ಕೈ ಹಿಡಿದು ನನ್ನನ್ನು ಮುಂದಿನ ಬಾಗಿಲಿನಿಂದ ಒಳಗೆ ಕರೆದೊಯ್ದಳು. ಗೋಡೆ ಹಸಿರು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾಹಿಂಡಿ ಬಂದವು. ಉಂಡದ್ದೇ ತಡ, ತಾಟು ಎತ್ತಿಕೊಂಡು ತೊಳೆಯಲು ಹಿತ್ತಲಿಗೆ ಹೊರಟೆ.

“ಆಯಿ, ಕುಂದ್ರು! ಇವತ್ತು ನೀ ಗಿರಾಕಿ!” ಅವಳು ಸೆರಗು ಹಿಡಿದೆಳೆದಳು. ಅಲ್ಲಿದ್ದವರು ನಕ್ಕರು, ನಾನೂ ನಕ್ಕೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು, ಯಾರೋ ಹೊಸಬರ ಕೈ. ಮೊಮ್ಮಗಳು ನನ್ನ ಪಕ್ಕ ಕೂತಿದ್ದಳು, ನನ್ನೆದುರಿನ ಕುರ್ಚಿ ಖಾಲಿ ಇತ್ತು. ಆಗ ಅಳು ತಡೆಯಲಾಗಲಿಲ್ಲ.

ಮನೆಗೆ ಬಂದ ಮೇಲೆ ಅವಳು ಬರೆದದ್ದನ್ನು ಓದಿದಳು. ಗೋಡೆಯಿತ್ತು, ಪಲ್ಯದ ಹುಳಿಯಿತ್ತು, ಕೈ ತೊಳೆಯುವ ನಲ್ಲಿಯೂ ಇತ್ತು. ಬೋನಾಳದಕ್ಕ ಇರಲಿಲ್ಲ.

“ಆಕಿನ್ನೂ ಬರಿ.”

“ಕಂಡದ್ದಷ್ಟ ಬರೀಬೇಕಂತ ಟೀಚರ್ ಹೇಳ್ಯಾರ, ಆಯಿ. ನಾ ಆಕಿನ್ನ ನೋಡೇ ಇಲ್ಲ.”

“ನಾ ನೋಡೀನಲ್ಲ?”

ಅವಳು ಪೆನ್ನು ನನ್ನ ಕೈಗೆ ಕೊಟ್ಟಳು. ಒಂದೊಂದೇ ಅಕ್ಷರ ಕೂಡಿಸಿ ಕೊನೆಗೆ ಬರೆದೆ: ‘ಇಲ್ಲಿ ರೊಟ್ಟಿ ಬಡಿದ ಬೋನಾಳದಕ್ಕ ಒಂದು ದಿನವೂ ಇಲ್ಲಿ ಕೂತು ಉಣ್ಣಲಿಲ್ಲ.’

ಅಷ್ಟು ಬರೆಯುವಷ್ಟರಲ್ಲಿ ನೂರು ರೊಟ್ಟಿ ಬಡಿದ ಹಾಗೆ ಕೈ ಸೋತಿತ್ತು. ಮೊಮ್ಮಗಳು ಆ ಸಾಲಿನ ಒಂದು ಅಕ್ಷರವನ್ನೂ ಅಳಿಸಲಿಲ್ಲ.